ಕ್ಯಾಮೆರಾ ರಾಯರು

ಪರ್ತ್ ಇರಲಿ, ಬ್ರಿಸ್ಬೇನ್ ಇರಲಿ, ಅಡಿಲೇಡ್ ಇರಲಿ, ಯುಗಾದಿ ಊಟದ ಪಂಕ್ತಿಯಲ್ಲಿ ಎಡಗೈಯಲ್ಲಿ ಫೋನು ಹಿಡಿದು, ಎಲೆಯ ಕಡೆ ನೋಡದೆ ಒಬ್ಬಟ್ಟನ್ನು ಉಪ್ಪಿನಕಾಯಿಗೆ ಅದ್ದಿಕೊಂಡು ತಿನ್ನುವವರು ಕಂಡರೆ ಅವರೇ ಕ್ಯಾಮೆರಾ ರಾಯರು ಎಂದು ತಿಳಿಯಬೇಕು. ಅವರು ನೋಡುತ್ತಿರುವುದು ಕ್ರಿಕೆಟ್ಟನ್ನಲ್ಲ, ಗೋದಾಮನ್ನು. ಕ್ಯೂಡೇಲ್, ಅಕೇಶಿಯಾ ರಿಡ್ಜ್ ಅಥವಾ ವಿಂಗ್‌ಫೀಲ್ಡ್‌ನ ಯಾವುದೋ ತಗಡಿನ ಸೂರಿನಡಿ ರಜೆಯ ದಿನ ತಣ್ಣಗೆ ಮಲಗಿರುವ ಪ್ಯಾಲೆಟ್ಟುಗಳು ರಾಯರಿಗೆ 32 ಚೌಕಗಳಲ್ಲಿ ದರ್ಶನ ಕೊಡುತ್ತಿರುತ್ತವೆ. ಪಕ್ಕದ ಎಲೆಯವರು ವಿಚಾರಿಸಿದರೆ, “ಒಂದು ಇರುವೆ ಹರಿದರೂ ನಂಗೆ ಗೊತ್ತಾಗುತ್ತೆ ಸಾರ್” ಎನ್ನುತ್ತಾರೆ. ಕಣ್ಣಿಗೆ ಬಿದ್ದದ್ದೆಲ್ಲ ಭದ್ರ ಎಂಬುದು ರಾಯರ ಸಿದ್ಧಾಂತ. ನೋಡುವುದೇ ಬೇರೆ, ಕಾಯುವುದೇ ಬೇರೆ ಎಂಬುದು ನನ್ನ ವಾದ.

ಮೊದಲು ನೋಟದ ಲೆಕ್ಕ. ಅಪರಿಚಿತನನ್ನು ಇವನೇ ಎಂದು ಗುರುತಿಸಲು ಚಿತ್ರದಲ್ಲಿ ಮೀಟರಿಗೆ 250 ಪಿಕ್ಸೆಲ್ ಇರಬೇಕೆಂಬುದು ಈ ಕಸುಬಿನಲ್ಲಿ ಒಪ್ಪಿತವಾದ ಅಳತೆ. ಒಳ್ಳೆಯ 4ಕೆ ಕ್ಯಾಮೆರಾದ ಅಡ್ಡಗಲ 3840 ಪಿಕ್ಸೆಲ್. ಭಾಗಿಸಿ ನೋಡಿದರೆ, ಅದು ಮುಖ ಗುರುತಿಸಬಲ್ಲ ಅಗಲ 15 ಮೀಟರ್ ಚಿಲ್ಲರೆ. ರಾಯರಾದರೋ 60 ಮೀಟರ್ ಅಂಗಳವನ್ನೆಲ್ಲ ಒಂದೇ ಕ್ಯಾಮೆರಾ ನುಂಗಲಿ ಎಂದು ಅದನ್ನು ಸೂರಿನ ತುದಿಗೆ ಏರಿಸುತ್ತಾರೆ. ಆಗ ಮೀಟರಿಗೆ ದಕ್ಕುವುದು 64 ಪಿಕ್ಸೆಲ್: ಯಾರೋ ಬಂದ ಎಂದು ತಿಳಿಯುತ್ತದೆ, ಯಾರು ಬಂದ ಎಂದು ತಿಳಿಯುವುದಿಲ್ಲ. ಸಾಲದ್ದಕ್ಕೆ ಮೇಲಿಂದ ಕಾಣುವುದು ಟೋಪಿ ಮತ್ತು ಮಿರುಗುವ ಹಳದಿ ಜಾಕೆಟ್ಟು. ಅದನ್ನು ತೊಟ್ಟರೆ ಕಳ್ಳನೂ ಕೆಲಸಗಾರನೇ. ಬಾಗಿಲ ಬಳಿ ಮುಖದೆತ್ತರಕ್ಕೆ ಒಂದು ಕ್ಯಾಮೆರಾ ಇಟ್ಟರೆ ಇದೆಲ್ಲ ನೇರವಾಗುತ್ತದೆ. ಆದರೆ ರಾಯರು ಒಪ್ಪುವುದಿಲ್ಲ: “ಬರೀ ಬಾಗಿಲು ನೋಡ್ಕೊಂಡು ಕೂರೋದಾ?”

ಇನ್ನು ದಾಖಲೆಯ ಲೆಕ್ಕ. ಸೆಕೆಂಡಿಗೆ 4 ಮೆಗಾಬಿಟ್ ಕಳಿಸುವ ಒಂದು ಕ್ಯಾಮೆರಾ ದಿನಕ್ಕೆ 43 ಗಿಗಾಬೈಟ್ ತುಂಬಿಸುತ್ತದೆ. 32 ಸೇರಿದರೆ ಸುಮಾರು 1.4 ಟೆರಾಬೈಟ್. ತಿಂಗಳಿಡೀ ಉಳಿಸಬೇಕಾದರೆ 40 ಟೆರಾಬೈಟಿಗೂ ಮೇಲೆ ಜಾಗ ಬೇಕು. ಕ್ಯಾಮೆರಾ ಕೂರಿಸಲು ಬಂದವನು ಇದನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸುತ್ತಾನೆ. ರಾಯರು ಚಿಕ್ಕಪೇಟೆಯ ಚೌಕಾಸಿಗಿಳಿದು 8 ಟೆರಾಬೈಟಿಗೆ ಮುಗಿಸುತ್ತಾರೆ. ಅಲ್ಲಿಗೆ ಆರನೆಯ ದಿನ ಹೊಸ ದೃಶ್ಯ ಹಳೆಯದನ್ನು ಅಳಿಸತೊಡಗುತ್ತದೆ. ದಾಸ್ತಾನು ಎಣಿಸುವುದು ತಿಂಗಳಿಗೊಮ್ಮೆ. ಮಾಲು ಕಡಿಮೆಯಾದದ್ದು ಪತ್ತೆಯಾಗುವ ಹೊತ್ತಿಗೆ ಕಳ್ಳನ ಚಿತ್ರವೂ ಕಳುವಾಗಿರುತ್ತದೆ. ಮೂರೂ ನಗರಗಳಲ್ಲಿ ಗೋದಾಮಿದ್ದರೆ ಗಡಿಯಾರದ ಕಾಟ ಬೇರೆ. ಚಳಿಗಾಲದಲ್ಲಿ ಅಡಿಲೇಡ್ ಬ್ರಿಸ್ಬೇನಿಗಿಂತ ಅರ್ಧ ಗಂಟೆ ಹಿಂದೆ. ಬೇಸಿಗೆಯಲ್ಲಿ ದಕ್ಷಿಣ ಆಸ್ಟ್ರೇಲಿಯಾ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತದೆ, ಕ್ವೀನ್ಸ್‌ಲ್ಯಾಂಡ್ ಮತ್ತು ಪಶ್ಚಿಮ ಆಸ್ಟ್ರೇಲಿಯಾ ತಿರುಗಿಸುವುದಿಲ್ಲ. ಆಗ ಅಡಿಲೇಡ್ ಬ್ರಿಸ್ಬೇನಿಗಿಂತ ಅರ್ಧ ಗಂಟೆ ಮುಂದಾಗುತ್ತದೆ. ಯಂತ್ರದ ವೇಳೆ ಸರಿಪಡಿಸಲು ಮರೆತರೆ ಲಾರಿ ಹೊರಟ ಸಮಯಕ್ಕೂ ಮಾಲು ಹೊರಟ ಸಮಯಕ್ಕೂ ತಾಳೆಯೇ ಆಗುವುದಿಲ್ಲ.

“ಹಾಗಾದರೆ ಕ್ಯಾಮೆರಾ ದಂಡವೋ?” ಎಂದು ರಾಯರು ಸಿಡುಕಬಹುದು. ಖಂಡಿತ ಅಲ್ಲ. ಎರಿಕ್ ಪೀಜಾ, ಬ್ರ್ಯಾಂಡನ್ ವೆಲ್ಷ್ ಮತ್ತು ಸಂಗಡಿಗರು ನಾಲ್ಕು ದಶಕಗಳ ಅಧ್ಯಯನಗಳನ್ನು ಒಟ್ಟುಹಾಕಿ 2019ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, ಕ್ಯಾಮೆರಾ ಇದ್ದೆಡೆ ಅಪರಾಧ ಸುಮಾರು ಶೇ. 13ರಷ್ಟು ತಗ್ಗಿದೆ. ಹೆಚ್ಚಿನ ಫಲ ಕಂಡದ್ದು ಕಾರ್ ಪಾರ್ಕಿಂಗ್ ತಾಣಗಳಲ್ಲಿ. ಹಿಂಸೆಯ ಅಪರಾಧಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮವಿಲ್ಲ. ಯಾರಾದರೂ ಕೂತು ಗಮನಿಸುವ, ಬೇರೆ ಭದ್ರತೆಯೂ ಜೊತೆಗಿರುವ ಕಡೆ ಫಲ ಹೆಚ್ಚು. “ನಾನು ಗಮನಿಸ್ತಾ ಇಲ್ವಾ?” ಎಂದು ರಾಯರು ಎದೆ ತಟ್ಟುತ್ತಾರೆ. ಆದರೆ ಗಮನಿಸುವವನು ಕಂಡೊಡನೆ ಯಾರನ್ನಾದರೂ ಸ್ಥಳಕ್ಕೆ ಕಳಿಸಬಲ್ಲವನಾಗಿರಬೇಕು. ಅಂಚೆಚೀಟಿಯಷ್ಟೂ ಇಲ್ಲದ 32 ಚೌಕಗಳನ್ನು ಊಟ, ನಿದ್ದೆ, ಮಗಳ ಭರತನಾಟ್ಯದ ನಡುವೆ ಇಣುಕುವವನು ಪ್ರೇಕ್ಷಕ. ಇರುಳಲ್ಲಿ ಕ್ಯಾಮೆರಾದ ಬೆಳಕಿಗೆ ಹುಳ ಬರುತ್ತದೆ, ಹುಳಕ್ಕೆ ಜೇಡ ಬರುತ್ತದೆ, ಜೇಡ ಮಸೂರದ ಮುಂದೆ ಬಲೆ ನೇಯುತ್ತದೆ, ಎರಡು ಗಂಟೆಗೆ ಫೋನು ಅರಚುತ್ತದೆ. ನಾಲ್ಕಾರು ರಾತ್ರಿ ಜೇಡಕ್ಕೆ ಬೆಚ್ಚಿಬಿದ್ದ ರಾಯರು ಕೊನೆಗೆ ಎಚ್ಚರಿಕೆಯ ಗಂಟೆಯನ್ನೇ ಬಾಯಿಮುಚ್ಚಿಸುತ್ತಾರೆ.

“ಪ್ರಾಮಾಣಿಕರಿಗೆ ಯಾಕೆ ಭಯ?” ಎಂಬುದು ರಾಯರ ಕೊನೆಯ ಅಸ್ತ್ರ. ಫೋರ್ಕ್‌ಲಿಫ್ಟ್ ತಗುಲಿದಾಗ, ಲಾರಿಗೆ ಏರಿಸುವಾಗಲೇ ಪೆಟ್ಟಿಗೆ ಒಡೆದಿತ್ತೇ ಎಂಬ ಜಗಳ ಎದ್ದಾಗ, ಪ್ರಾಮಾಣಿಕ ಕೆಲಸಗಾರನ ಪರ ಸಾಕ್ಷಿ ನುಡಿಯುವುದೂ ಅದೇ ಕ್ಯಾಮೆರಾ, ನಿಜ. ಆದರೆ ರಾಯರ ಬೆರಳು ಅಲ್ಲಿಗೆ ನಿಲ್ಲದೆ ಮೈಕಿನ ಗುಂಡಿಗೂ ಹೋಗುತ್ತದೆ. ಟೀ ವಿರಾಮದಲ್ಲಿ ಹುಡುಗರು ತಮ್ಮ ಬಗ್ಗೆ ಏನಂತಾರೆ ಎಂಬ ಕುತೂಹಲ. ತಾನು ಪಾಲುಗೊಳ್ಳದ ಖಾಸಗಿ ಮಾತನ್ನು ಒಪ್ಪಿಗೆಯಿಲ್ಲದೆ ದಾಖಲಿಸುವುದಕ್ಕೆ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1971ರ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1998ರ, ದಕ್ಷಿಣ ಆಸ್ಟ್ರೇಲಿಯಾದಲ್ಲಿ 2016ರ ಕಾಯ್ದೆ ಅಡ್ಡ ನಿಂತಿದೆ. ಕಳ್ಳನನ್ನು ಹಿಡಿಯಲು ಹೊರಟವರು ತಾವೇ ಸಿಕ್ಕಿಬೀಳಬಾರದು. ಆದ್ದರಿಂದ ರಾಯರೇ, ಕ್ಯಾಮೆರಾ ಅರ್ಧಕ್ಕಿಳಿಸಿ. ಉಳಿದ ದುಡ್ಡಿನಲ್ಲಿ ದೊಡ್ಡ ಡಿಸ್ಕು, ಗಟ್ಟಿ ಬೀಗ, ಅಂಗಳಕ್ಕೆ ಒಳ್ಳೆಯ ದೀಪ ಹಾಕಿಸಿ. ಮೈಕು ಆರಿಸಿ, ದಾಸ್ತಾನನ್ನು ವಾರಕ್ಕೊಮ್ಮೆ ಎಣಿಸಿ.