ಇಬ್ಬರು ಐವತ್ತು ಸಾಹೇಬರಿಗೆ ಕುಡಚಿ ಕಡೆಯಿಂದ ಒಂದು ಪತ್ರ

ಶ್ರೀಮಾನ್ ಶೇ. 50 ಸಾಹೇಬರು, ದೆಹಲಿ ಹಾಗೂ ಶ್ರೀಮಾನ್ ಶೇ. 50 ಸಾಹೇಬರು, ಬೆಂಗಳೂರು ಇವರಿಗೆ ಕೃಷ್ಣಾ ತೀರದಿಂದ ಸಾಷ್ಟಾಂಗ ನಮಸ್ಕಾರ.

ಇತ್ತ ನಾವು ಕ್ಷೇಮ. ತಮ್ಮ ಕ್ಷೇಮ ಸಮಾಚಾರ ವರ್ಷಕ್ಕೆರಡು ಬಜೆಟ್ ಭಾಷಣಗಳಿಂದ ತಿಳಿಯುತ್ತಲೇ ಇದೆ.

ವಿಷಯ ಬಾಗಲಕೋಟೆ–ಕುಡಚಿ ರೈಲು ಮಾರ್ಗದ್ದು. 2010–11ರಲ್ಲಿ ಮಂಜೂರಾದ 142 ಕಿ.ಮೀ. ಹಳಿ. ಕರಾರು ಓದಲು ಬಲು ಚೆಂದ: ಖರ್ಚಿನಲ್ಲಿ ಅರ್ಧ ದೆಹಲಿ, ಅರ್ಧ ಬೆಂಗಳೂರು; ಜಮೀನು ಮಾತ್ರ ಪೂರ್ತಿ ಬೆಂಗಳೂರಿನದು, ಅದೂ ಪುಕ್ಕಟೆ. ಮುಂದೆ ದೆಹಲಿ ಸಾಹೇಬರು ಮೊದಲು ಜಮೀನು ಬರಲಿ ಅಂದರು. ಬೆಂಗಳೂರು ಸಾಹೇಬರು ಮೊದಲು ರೊಕ್ಕ ಬರಲಿ ಅಂದರು. ಜಮೀನು ಕಳೆದುಕೊಳ್ಳುವ ರೈತ ಮೊದಲು ಪರಿಹಾರ ಎಷ್ಟೆಂದು ಹೇಳಿ ಅಂದ. ಮೂವರದೂ ನ್ಯಾಯದ ಮಾತೇ ಆದ್ದರಿಂದ ಯಾರೂ ಸೋಲಲಿಲ್ಲ. ಹಳಿ ಬಾಗಲಕೋಟೆಯಿಂದ ಹೊರಟು ಖಜ್ಜಿಡೋಣಿ ಮುಟ್ಟಿ, ದಣಿವಾರಿಸಿಕೊಂಡು, ಲೋಕಾಪುರದ ಕಡೆ ಮುಖ ಮಾಡಿತು. ಮಂಜೂರಾದ ವರ್ಷ ಹುಟ್ಟಿದ ಕೂಸು ಎಸ್ಸೆಸ್ಸೆಲ್ಸಿ ದಾಟಿ ಮೀಸೆ ತಿರುವುತ್ತಿದೆ.

ನಮ್ಮ ಸೀಮೆಗೆ ರೈಲು ಹೊಸದೇನಲ್ಲ. ಸದರ್ನ್ ಮರಾಠಾ ರೈಲ್ವೆಯವರು 19ನೇ ಶತಮಾನ ಮುಗಿಯುವ ಮೊದಲೇ ಲೋಂಡಾ–ಮಿರಜ ಹಳಿ ಹಾಕಿದರು. ಆಗ ರಾಯಬಾಗ ಕೊಲ್ಲಾಪುರದ ಮಹಾರಾಜರದು, ಮಿರಜ ಪಟವರ್ಧನರದು, ನಡುನಡುವೆ ಇಂಗ್ಲಿಷರ ಸೀಮೆ. ಬಂಡಿ ಎರಡು ತಾಸು ಓಡಿದರೆ ಸರ್ಕಾರವೇ ಬದಲು! ಆದರೂ ಕೆಲಸ ಮುಗಿಯಿತು. ಪಾಪ, ಸಹಕಾರಿ ಒಕ್ಕೂಟ ವ್ಯವಸ್ಥೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ದೆಹಲಿ–ಬೆಂಗಳೂರು ನಡುವೆ ಸಮನ್ವಯವೇ ಇಲ್ಲ ಎಂದು ಕೆಲವರು ಗೊಣಗುತ್ತಾರೆ. ನಮ್ಮ ಚಿಕ್ಕೋಡಿ ಲೋಕಸಭಾ ಕ್ಷೇತ್ರದ ಮಟ್ಟಿಗೆ ಅದು ಶುದ್ಧ ಸುಳ್ಳು. 2019ರಲ್ಲಿ ಅಣ್ಣಾಸಾಹೇಬ ಜೊಲ್ಲೆಯವರು ಲೋಕಸಭೆಗೆ ಹೋದರು. ಅದೇ ವರ್ಷ ಪತ್ನಿ, ನಿಪ್ಪಾಣಿಯ ಶಶಿಕಲಾ ಜೊಲ್ಲೆಯವರು ರಾಜ್ಯದ ಮಂತ್ರಿಯಾದರು. 2024ರಲ್ಲಿ ಪ್ರಿಯಾಂಕಾ ಜಾರಕಿಹೊಳಿಯವರು ಲೋಕಸಭೆಗೆ ಹೋದಾಗ ತಂದೆ ಸತೀಶ ಜಾರಕಿಹೊಳಿಯವರು ಲೋಕೋಪಯೋಗಿ ಸಚಿವರು. ದೆಹಲಿ–ಬೆಂಗಳೂರು ಸಭೆಯನ್ನು ಮಣೆ ಹಾಕಿ, ಕಡಕ್ ರೊಟ್ಟಿ ಬಡಿಸಿ ಮುಗಿಸುವ ಸೌಕರ್ಯ ಬೇರೆ ಯಾವ ಕ್ಷೇತ್ರಕ್ಕಿದೆ? ತಪ್ಪೆಲ್ಲ ಫೈಲಿನದು. ಅದು ಮನೆಮಂದಿಯ ಮಾತು ಕೇಳುವ ಜಾತಿಯದಲ್ಲ.

ಅಥಣಿಯವರ ಸಂಗತಿ ಸ್ವಲ್ಪ ಬೇರೆ. ಅಲ್ಲಿ ಚಪ್ಪಲಿಗೆ ಹೆಸರಿದೆ, ಬಹುಶಃ ಅದಕ್ಕೇ ರೈಲು ಕೊಟ್ಟಿಲ್ಲ. ಬಂಡಿ ಹಿಡಿಯಬೇಕೆಂದರೆ ಉಗಾರಕ್ಕೋ ಕುಡಚಿಗೋ ಬರಬೇಕು. ಕುಡಚಿ–ಉಗಾರದ ನಡುವೆ ಕೃಷ್ಣೆಗೆ ಎರಡು ಸೇತುವೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾಯಿತೆಂದರೆ ರೈಲಿನ ಸೇತುವೆ ಮೇಲೆ ರೈಲು ಹೋಗುತ್ತದೆ, ರಸ್ತೆಯ ಸೇತುವೆ ಮೇಲೆ ಕೃಷ್ಣೆ ಹೋಗುತ್ತಾಳೆ. ದಂಡೆಯಲ್ಲಿ ಪೊಲೀಸರ ಬ್ಯಾರಿಕೇಡು, ಅದಕ್ಕೆ ಒರಗಿಸಿದ ಬೈಕುಗಳು, ತಲೆ ಮೇಲೆ ಬ್ಯಾಗು ಹೊತ್ತು ಎದುರು ದಂಡೆ ನೋಡುತ್ತ ನಿಂತ ಹುಡುಗ. ಅವನ ಬಂಡಿ ಅವನ ಕಣ್ಣೆದುರೇ ಹೊಳೆ ದಾಟುತ್ತದೆ. ನಿಪ್ಪಾಣಿ, ಚಿಕ್ಕೋಡಿ ಕಡೆಯ ಕಾರದಗಾ–ಭೋಜ, ಕುನ್ನೂರ–ಬಾರವಾಡ ಸೇತುವೆಗಳಿಗಂತೂ ವೇದಗಂಗಾ, ದೂಧಗಂಗಾ ಹೊಳೆಗಳಲ್ಲಿ ಮುಳುಗುವುದು ಪಂಚಾಂಗದಲ್ಲಿ ಬರೆದ ಹಬ್ಬ. 2019ರ ಆಗಸ್ಟಿನಲ್ಲಿ ಯಮಗರ್ಣಿ ಹತ್ತಿರ ರಾಷ್ಟ್ರೀಯ ಹೆದ್ದಾರಿಯೇ ಬಂದ್ ಆಗಿತ್ತು. ಹೆದ್ದಾರಿ ದೆಹಲಿಯದು, ಹಳ್ಳಿ ಸೇತುವೆ ಬೆಂಗಳೂರಿನದು. ನೀರು ಮಾತ್ರ ಇಬ್ಬರನ್ನೂ ಸಮನಾಗಿ ಕಂಡಿತು. ಐವತ್ತು–ಐವತ್ತು ಕರಾರನ್ನು ಚಾಚೂ ತಪ್ಪದೆ ಪಾಲಿಸಿದ ಇಲಾಖೆ ಅದೊಂದೇ.

ನಿಪ್ಪಾಣಿ ಮೂಲಕ ಕರಾಡ–ಬೆಳಗಾವಿ ಹಳಿಯ ಮಾತು ಎತ್ತುವುದಿಲ್ಲ. ಅದರಲ್ಲಿ ಮುಂಬಯಿ ಸಾಹೇಬರೂ ಬರುತ್ತಾರೆ. ಮೂವರಿಗೆ ನೂರನ್ನು ಹಂಚಲು ಹೋದರೆ ಲೆಕ್ಕ ತಪ್ಪಿ ಇನ್ನೊಂದು ಸರ್ವೆ ಆಗುತ್ತದೆ.

ಹೀಗಾಗಿ ನನ್ನ ಬೇಡಿಕೆ ಸಣ್ಣದು. ದೆಹಲಿ ಸಾಹೇಬರು ಎಡಗಡೆಯ ಹಳಿ ಹಾಕಲಿ, ಬೆಂಗಳೂರು ಸಾಹೇಬರು ಬಲಗಡೆಯ ಹಳಿ ಹಾಕಲಿ. ಯಾರದು ಮೊದಲು ಕುಡಚಿ ಮುಟ್ಟುತ್ತದೋ ಅವರಿಗೆ ಶಾಲು, ಪೇಟ, ಉಗಾರದ ಸಕ್ಕರೆ. ಗೆದ್ದವರು ನಿಲ್ದಾಣದಲ್ಲಿ ಕೂತು ಇನ್ನೊಬ್ಬರನ್ನು ಕಾಯಲಿ. ಬೆಂಚು ಹಾಕಿಸಿಕೊಡುವ ಜವಾಬ್ದಾರಿ ನಮ್ಮದು.

ತಮ್ಮ ವಿಧೇಯ,
ಕುಡಚಿ ಪ್ಲಾಟ್‌ಫಾರ್ಮಿನ ಒಬ್ಬ ಪ್ರಯಾಣಿಕ

ತಾ.ಕ.: ಲಕೋಟೆಗೆ ನನ್ನ ಪಾಲಿನ ಶೇ. 50 ಅಂಚೆಚೀಟಿ ಹಚ್ಚಿದ್ದೇನೆ. ಉಳಿದದ್ದನ್ನು ತಾವು ತುಂಬಿ ಬಿಡಿಸಿಕೊಳ್ಳುವುದು.