ಅಜ್ಜಂಪುರದ ನೆತ್ತಿಯ ಮೇಲಿನ ಗೆರೆ

ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರವನ್ನು ಭೂಗೋಳದ ಮೈಯುಬ್ಬನ್ನು ಅನುಸರಿಸಿ, ಅತಿ ಸಮೀಪದ ದಾರಿಯಲ್ಲಿ ಅಳೆಯುವುದು ಶಾಸ್ತ್ರಸಮ್ಮತ ಪದ್ಧತಿಯಾಗಿದ್ದು, ಆ ದಾರಿಗೆ ಮಹಾವೃತ್ತ ಮಾರ್ಗವೆಂದು ಹೆಸರು. ರೈಲ್ವೆ ಗೇಟಾಗಲಿ, ರಸ್ತೆಯುಬ್ಬಾಗಲಿ, ಮದುವೆಯ ದಿಬ್ಬಣವಾಗಲಿ ಅದರಲ್ಲಿ ಅಡ್ಡ ಬರುವುದಿಲ್ಲ. ಈ ಲೆಕ್ಕದಂತೆ ದೇವನಹಳ್ಳಿಯಲ್ಲಿರುವ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೂ, 2023ರ ಫೆಬ್ರುವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಉದ್ಘಾಟನೆಗೊಂಡ ರಾಷ್ಟ್ರಕವಿ ಕುವೆಂಪು ನಿಲ್ದಾಣಕ್ಕೂ ನಡುವೆ ಸುಮಾರು 238 ಕಿಲೋಮೀಟರ್ ಇದೆ. ನಕ್ಷೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ತರೀಕೆರೆ, ಕಡೂರುಗಳನ್ನು ಎಡಗಡೆಗೆ ಬಿಟ್ಟು ಅಜ್ಜಂಪುರದ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಹೈದರ್, ಟಿಪ್ಪುವಿನ ಸೇನೆಯ ಸರಂಜಾಮನ್ನೆಳೆದು ವೇಗಕ್ಕೆ ಹೆಸರಾದ ಅಮೃತಮಹಲ್ ದನಗಳ ತಳಿಕೇಂದ್ರವಿರುವ ಊರಿಗೆ ಇದು ಸಲ್ಲತಕ್ಕ ಗೌರವವೇ ಸರಿ.

ಆದರೆ ಗೌರವ ಬೇರೆ, ಪ್ರಯಾಣ ಬೇರೆ. ವಿಮಾನದಲ್ಲಿಯೇ ಬೆಂಗಳೂರಿಗೆ ಹೋಗಬೇಕೆಂದು ಹಟ ಹಿಡಿದ ಅಜ್ಜಂಪುರದ ಗೃಹಸ್ಥನು ಮೊದಲು ಬೆಂಗಳೂರಿಗೆ ಬೆನ್ನು ತಿರುಗಿಸಿ, ತರೀಕೆರೆ, ಭದ್ರಾವತಿಗಳ ಮೇಲೆ ಪಶ್ಚಿಮಕ್ಕೆ ಸಾಗಿ ಸೋಗಾನೆಯನ್ನು ಸೇರಬೇಕು. ಅಲ್ಲಿಂದ ಮೇಲೇರಿದ ವಿಮಾನವು ಮಹಾವೃತ್ತವನ್ನು ನಿಷ್ಠೆಯಿಂದ ಪಾಲಿಸಿದ್ದೇ ಆದರೆ, ಕೆಲವೇ ನಿಮಿಷಗಳಲ್ಲಿ ಅವನು ತನ್ನ ಮನೆಯ ಹೆಂಚನ್ನೂ, ಹಿತ್ತಿಲಲ್ಲಿ ಹಾಕಿದ ಹಪ್ಪಳವನ್ನೂ, ಬೆಳಗ್ಗೆ ತಾನೇ ಚಿಲಕ ಹಾಕಿದ ಬಾಗಿಲನ್ನೂ ದಾಟಿ ಹೋಗುತ್ತಾನೆ. ಇಷ್ಟು ಹಣ ತೆತ್ತು, ಹೊರಟಲ್ಲಿಗೇ ಮರಳಿ ಬರುವ ಸೌಕರ್ಯವನ್ನು ಬೇರಾವ ವಾಹನವೂ ಒದಗಿಸಿದಂತಿಲ್ಲ.

ಇನ್ನು ಕಾಲದ ವಿಚಾರ. ಈ ಮಾರ್ಗದಲ್ಲಿ 2023ರ ಆಗಸ್ಟ್ 31ರಿಂದ ಹಾರಾಟ ಆರಂಭಿಸಿದ ಎಟಿಆರ್ ವಿಮಾನವು, ಅಂದರೆ ಎರಡು ಪಂಖಗಳ ಮಧ್ಯಮ ಗಾತ್ರದ ವಿಮಾನವು, ಗಂಟೆಗೆ ಸುಮಾರು 500 ಕಿಲೋಮೀಟರ್ ಓಡಬಲ್ಲುದಾದ್ದರಿಂದ ಗಣಿತದ ಪ್ರಕಾರ ಅರ್ಧ ಗಂಟೆ ಸಾಕು. ವೇಳಾಪಟ್ಟಿಯಲ್ಲಿ ಮಾತ್ರ ಒಂದು ಗಂಟೆಗೂ ಮಿಕ್ಕಿ ನಮೂದಾಗಿರುತ್ತದೆ. ಏಕೆಂದರೆ ವಿಮಾನವು ನಿಂತ ಜಾಗದಿಂದ ಕದಲಿದಲ್ಲಿಂದ ಹಿಡಿದು, ಏರಿ, ಇಳಿದು, ಮತ್ತೆ ನಿಲ್ಲುವವರೆಗಿನ ಅವಧಿಯನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಾರೆ, ಅದಕ್ಕೆ ಬ್ಲಾಕ್ ಸಮಯವೆನ್ನುತ್ತಾರೆ. ಈ ಬ್ಲಾಕಿನ ಹೊರಗೆ ಉಳಿಯುವುದೇ ಪ್ರಯಾಣಿಕನ ನಿಜವಾದ ಪ್ರಯಾಣ: ಗಂಟೆಗೂ ಮೊದಲೇ ಹಾಜರಾತಿ, ಬೆಲ್ಟು ಕಳಚಿ ಪಂಚೆಯ ಗಂಟನ್ನು ನಂಬಿ ನಿಲ್ಲುವ ತಪಾಸಣೆ, ಮಗಳಿಗೆಂದು ಕಟ್ಟಿಕೊಟ್ಟ ಕೊಬ್ಬರಿಯ ವಿಚಾರಣೆ. ತೆಂಗಿನ ಸೀಮೆಯಾದ ಕಡೂರಿನವರಿಗೆ ಇದು ಕೊನೆಯವರೆಗೂ ಒಗಟೇ ಆಗಿದ್ದು, ಒಣ ಕೊಬ್ಬರಿಯ ಎಣ್ಣೆಯಂಶ ಬೇಗ ಬೆಂಕಿ ಹಿಡಿಯುವುದರಿಂದ ಅದನ್ನು ವಿಮಾನದಲ್ಲಿ ನಿಷೇಧಿಸಲಾಗಿದೆಯೆಂಬ ವಿವರಣೆಯು, ದಿನವೂ ಒಲೆಯ ಪಕ್ಕದ ಡಬ್ಬಿಯಲ್ಲಿ ಅದನ್ನಿಟ್ಟು ನಿಶ್ಚಿಂತೆಯಿಂದ ಮಲಗುವ ಗೃಹಿಣಿಗೆ ಹಿಡಿಸುವುದು ಕಷ್ಟ.

ದೇವನಹಳ್ಳಿಯಲ್ಲಿ ಇಳಿದ ಮೇಲೂ ಮೆಜೆಸ್ಟಿಕ್ ಸುಮಾರು 35 ಕಿಲೋಮೀಟರ್ ದೂರವಿದೆ, ಹೆಬ್ಬಾಳದ ಮೇಲ್ಸೇತುವೆ ನಡುವೆ ಇದ್ದೇ ಇದೆ. ಎಲ್ಲವನ್ನೂ ಕೂಡಿಸಿದರೆ ಐದು ಗಂಟೆಯೊಳಗೆ ಮುಗಿಯುವ ಮಾತಲ್ಲ. ಅಷ್ಟರಲ್ಲಿ ಕಡೂರಿನಲ್ಲಿ ಜನಶತಾಬ್ದಿ ರೈಲು ಹತ್ತಿದವನು, ಕೊಬ್ಬರಿಯ ಸಮೇತ, ಬೆಂಗಳೂರು ಸೇರಿ ಊಟಕ್ಕೆ ಕುಳಿತಿರುತ್ತಾನೆ. ಆದುದರಿಂದ ದೇವನಹಳ್ಳಿಯಲ್ಲಿ ಇನ್ನೊಂದು ವಿಮಾನ ಹಿಡಿದು ದೂರದೇಶಕ್ಕೆ ಹೋಗುವವರು ಸೋಗಾನೆಯ ದಾರಿ ಹಿಡಿಯಲಿ. ಅಜ್ಜಂಪುರ, ತರೀಕೆರೆ, ಕಡೂರು ಈ ಮೂರು ತಾಲ್ಲೂಕಿನ ಉಳಿದವರಿಗೆ ರೈಲೇ ಲೇಸು.