ಡಿಟ್ಟೊ ಗೋತ್ರ ನಿರ್ಣಯ

ತೊಟ್ಟಿಲೊಳಗೆ ಇಣುಕಿದವರು ‘ಡಿಟ್ಟೊ ಅಪ್ಪನೇ’ ಎನ್ನುವುದು ನಮ್ಮಲ್ಲಿ ವಾಡಿಕೆ. ಆದರೆ ಸ್ವತಃ ಡಿಟ್ಟೊವಿನ ಅಪ್ಪ ಯಾರು? ಕವಿ-ಕಾಲ-ದೇಶ ವಿಚಾರದಲ್ಲಿ ತಲೆಮಾರುಗಳನ್ನೇ ಸವೆಸಿದ ನಮ್ಮ ವಿದ್ವಾಂಸರು ಈ ಪ್ರಶ್ನೆಯನ್ನು ಮುಟ್ಟದಿರುವುದು ಖೇದಕರ. ಅಕ್ಕನ ಮಗನ ಆಟದ ಡಬ್ಬಿ ಎರಡು ದಿನ ಕೈಗೆ ಸಿಕ್ಕ ಕಾರಣ, ಆ ಹೊಣೆ ಈಗ ಪ್ರಕೃತ ಲೇಖಕನ ಹೆಗಲೇರಿದೆ.

ಆಕರ ಗ್ರಂಥ, 1996ರಲ್ಲಿ ಜಪಾನಿನಲ್ಲಿ ಹೊರಬಂದ ‘ಪೊಕೆಮಾನ್’ ವಿಡಿಯೊ ಗೇಮ್. ಅದರ 151 ಜೀವಿಗಳಲ್ಲಿ 132ನೆಯದು ಡಿಟ್ಟೊ: ಎದುರಿಗೆ ಬಂದವರ ರೂಪ ತಾಳುವ ಗುಲಾಬಿ ಮುದ್ದೆ. 151ನೆಯದು ಮ್ಯೂ. ಮ್ಯೂವಿನಿಂದ ಮ್ಯೂಟು ಎಂಬ ಪ್ರತಿ ಹುಟ್ಟಿದ್ದು ಕಥೆಯಲ್ಲೇ ಇದೆ. ಸಿನಬಾರ್ ದ್ವೀಪದ ಪಾಳುಬಂಗಲೆಯಲ್ಲಿ ಸಿಗುವ ದಿನಚರಿಯ ಹಾಳೆಗಳೇ ಅದಕ್ಕೆ ಶಾಸನಾಧಾರ. ಹಾಗಾದರೆ ಕೆಟ್ಟುಹೋದ ಪ್ರತಿಗಳೆಲ್ಲ ಎಲ್ಲಿ? ಅವೇ ಡಿಟ್ಟೊಗಳು ಎಂಬುದು ಅಭಿಮಾನಿ ವಿದ್ವಾಂಸರ ವಾದ. ಮೊದಲ ದೋಸೆ ಕಾವಲಿಗೆ ಅಂಟಿ ಆಕಾರಗೆಟ್ಟದ್ದನ್ನು ಕಂಡ ಯಾರಿಗೂ ಇದು ಅಸಂಭವ ಎನಿಸದು.

ಪುರಾವೆಗಳಿಗೆ ಬರಗಾಲವಿಲ್ಲ. ಮ್ಯೂ, ಡಿಟ್ಟೊ ಎರಡೂ ಗುಲಾಬಿ, ಅಪರೂಪದ ‘ಶೈನಿ’ ಅವತಾರದಲ್ಲಿ ಎರಡೂ ನೀಲಿ. ಆ 151ರಲ್ಲಿ ರೂಪಾಂತರ ವಿದ್ಯೆ ತಾನಾಗಿ ಒಲಿಯುವುದು ಇವೆರಡಕ್ಕೆ ಮಾತ್ರ. ಮ್ಯೂಟು ಅಡಗಿರುವ ಸೆರುಲಿಯನ್ ಗುಹೆಯಲ್ಲೇ ಡಿಟ್ಟೊಗಳೂ ಸುಳಿದಾಡುತ್ತವೆ (ಆಸ್ತಿ ಪಾಲಿನ ವಿಚಾರವಿರಬೇಕು). ಎಲ್ಲಕ್ಕೂ ಮಿಗಿಲಾಗಿ, ಎರಡರ ತೂಕವೂ ಕರಾರುವಾಕ್ಕಾಗಿ 4 ಕೆ.ಜಿ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ. ಬೆಲ್‌ಸ್ಪ್ರೌಟ್ ಎಂಬ ಹೂಜಿಬಳ್ಳಿಯ ಸಸಿಯೂ 4 ಕೆ.ಜಿ.ಯೇ, ಅದನ್ನೂ ದಾಯಾದಿ ಎನ್ನುತ್ತೀರಾ? ಎರಡು ರಾತ್ರಿ ನಿದ್ದೆ ಕೆಡಿಸಿದ ಪ್ರಶ್ನೆ ಇದು. ಪರಿಹಾರ ಸಿಕ್ಕಿದ್ದು ಧರ್ಮಶಾಸ್ತ್ರದಲ್ಲಿ. 1999ರ ‘ಗೋಲ್ಡ್’, ‘ಸಿಲ್ವರ್’ ಕಾಂಡಗಳಿಂದೀಚೆಗೆ ಡಿಟ್ಟೊವನ್ನು ಬೆಲ್‌ಸ್ಪ್ರೌಟ್ ಜೊತೆ ಬಿಟ್ಟರೆ ಮೊಟ್ಟೆ ದೊರೆಯುತ್ತದೆ. ಡಿಟ್ಟೊ-ಡಿಟ್ಟೊ ಬಿಟ್ಟರೆ ಇಲ್ಲ, ಡಿಟ್ಟೊ-ಮ್ಯೂ ಬಿಟ್ಟರೂ ಇಲ್ಲ. ಸಗೋತ್ರ ವಿವಾಹ ನಿಷಿದ್ಧ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಕೇ? ಮ್ಯೂ ಯಾರ ಜೊತೆಗೂ ಮೊಟ್ಟೆ ಕೊಡುವುದಿಲ್ಲವಲ್ಲ ಎಂದು ಮತ್ತೊಬ್ಬರು ಕೆಣಕಿದ್ದಾರೆ. ಅದು ನೈಷ್ಠಿಕ ಬ್ರಹ್ಮಚರ್ಯ, ಬೇರೆಯೇ ಪ್ರಕರಣ.

ಸಿದ್ಧಾಂತ ಕೈಗೂಡಿತು ಎನ್ನುವಷ್ಟರಲ್ಲಿ ಗ್ರಂಥಸಂಪಾದನಾ ಶಾಸ್ತ್ರ ಅಡ್ಡಬಂತು. ಆಟ ಬಹುತೇಕ ಮುಗಿದ ಮೇಲೆ, ದೋಷ ಹುಡುಕುವ ಸಲಕರಣೆಗಳನ್ನು ತೆಗೆದಾಗ ಸುಮಾರು 300 ಬೈಟ್ ಜಾಗ ಉಳಿಯಿತಂತೆ. ಪ್ರೋಗ್ರಾಮರ್ ಶಿಗೆಕಿ ಮೊರಿಮೊಟೊ ಅದರಲ್ಲಿ ಮ್ಯೂವನ್ನು ತುರುಕಿಬಿಟ್ಟರು. ಅಂದರೆ ಮ್ಯೂ ಪ್ರಕ್ಷಿಪ್ತ! ಅಂಚಿನಲ್ಲಿ ಲಿಪಿಕಾರ ಗೀಚಿದ್ದು ಮೂಲಪಾಠದೊಳಗೆ ನುಸುಳಿದ ಹಾಗೆ. ಡಿಟ್ಟೊ ಮಾತ್ರ ಮೊದಲಿನಿಂದ ತನ್ನ ಜಾಗದಲ್ಲಿ ಸುಮ್ಮನೆ ಕೂತಿತ್ತು.

ಆದ್ದರಿಂದ ತೀರ್ಪು ಹೀಗೆ: ಡಿಟ್ಟೊ ಮ್ಯೂವಿನ ಕೆಟ್ಟ ಪ್ರತಿಯಲ್ಲ, ಮ್ಯೂವೇ ಡಿಟ್ಟೊವಿನ ಚೆನ್ನಾಗಿ ಎದ್ದುಬಂದ ಎರಡನೆಯ ದೋಸೆ. ಇದಕ್ಕಾಗಿ ಮೇಲಿನ ಪುರಾವೆಗಳಲ್ಲಿ ಒಂದನ್ನೂ ತಿದ್ದುವ ಪ್ರಮೇಯ ಬರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಒಪ್ಪದವರು ತಂತಮ್ಮ ತಕ್ಕಡಿ ಸಮೇತ ಚರ್ಚೆಗೆ ಬರಬೇಕಾಗಿ ವಿನಂತಿ. ಬೆಲ್‌ಸ್ಪ್ರೌಟನ್ನು ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.